ರೊಟ್ಟಿ ಬಡಿಯುವಾಗ ಸೋಲುವ ಕೈ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಊರು ಚಿತ್ತಾಪುರದ ಹತ್ತಿರ. ನಾನು ಎಡಚಿ. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಎಡಗೈ ಸೋಲುತ್ತದೆ. ಬಿಪಿ ಬಲಗೈಯಲ್ಲಿ 160, ಎಡಗೈಯಲ್ಲಿ 110. ಕಲಬುರಗಿಯಲ್ಲಿ ರಕ್ತನಾಳ ನೋಡುವ ಸಿಟಿ ಆಂಜಿಯೋ ಸ್ಕ್ಯಾನ್ ಮಾಡಿ ‘ಟಕಯಾಸು’ ರೋಗ ಎಂದರು, ಸ್ಟೀರಾಯ್ಡ್ ಕೊಟ್ಟರು. ಆದರೆ ಎಎನ್‌ಎ, ಆಂಕಾ ಎಂಬ ಆಂಟಿಬಾಡಿ ರಕ್ತಪರೀಕ್ಷೆ ಎರಡೂ ನೆಗೆಟಿವ್. ‘ಆಂಟಿಬಾಡಿ ಇಲ್ಲ ಅಂದ್ರೆ ರೋಗಾನೂ ಇಲ್ಲ, ಗುಳಿಗೆ ಬಿಡು’ ಅಂತಾರೆ ಭಾವ. ಬಿಡಲೇ?

ಉತ್ತರ: ಬಿಡಬೇಡಿ ತಂಗಿ. ಸ್ಟೀರಾಯ್ಡ್ ಗುಳಿಗೆಯನ್ನಂತೂ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು.

ಭಾವನ ಲೆಕ್ಕ ಬೇರೆ ರೋಗಗಳಿಗೆ ಸ್ವಲ್ಪ ಹೊಂದುತ್ತದೆ. ಎಎನ್‌ಎ ನೋಡುವುದು ಮುಖ್ಯವಾಗಿ, ದೇಹದ ರಕ್ಷಣೆಗಿರುವ ಆಂಟಿಬಾಡಿಗಳು ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್‌ನಂಥ ರೋಗಕ್ಕೆ. ಆಂಕಾ ಸಣ್ಣ ರಕ್ತನಾಳಗಳ ಉರಿಯೂತಕ್ಕೆ. ನಿಮ್ಮದು ಹೃದಯದಿಂದ ಹೊರಡುವ ದೊಡ್ಡ ನಾಳ ಮತ್ತು ಅದರ ಕವಲುಗಳ ರೋಗ. ಇದನ್ನು ಖಚಿತ ಮಾಡುವ ಆಂಟಿಬಾಡಿ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ಹಾಗಾಗಿ ಆ ಎರಡು ನೆಗೆಟಿವ್ ನೋಡಿ ಯಾರೂ ನಿಮ್ಮ ರೋಗ ಅಳಿಸಲಾಗದು. ನಾಳದ ಗೋಡೆ ದಪ್ಪವಾಗಿದ್ದು ಸ್ಕ್ಯಾನಿನಲ್ಲಿ ಕಂಡಿದೆಯಲ್ವಾ?

ಹಾಗಂತ ಆಂಟಿಬಾಡಿ ಇಲ್ಲವೇ ಇಲ್ಲ ಅಂತಲ್ಲ. ನಾಳದ ಒಳಪದರಕ್ಕೆ ಅಂಟಿಕೊಳ್ಳುವ ಆಂಟಿಬಾಡಿಗಳು ಕೆಲವು ರೋಗಿಗಳಲ್ಲಿ ಸಿಕ್ಕಿವೆ. ಅವು ಹಿಡಿಯುವ ಎರಡು ಪ್ರೋಟೀನುಗಳನ್ನು ಜಪಾನಿನ ಸಂಶೋಧಕರು 2020ರಲ್ಲಿ ಗುರುತಿಸಿದರು. ಆದರೆ ಅವು ಎಲ್ಲ ರೋಗಿಗಳಲ್ಲೂ ಇರುವುದಿಲ್ಲ. ಗೋಡೆಯೊಳಗೆ ನುಗ್ಗಿ ಹಾಳು ಮಾಡುವುದರಲ್ಲಿ ಬಿಳಿ ರಕ್ತಕಣಗಳ ಪಾಲೇ ದೊಡ್ಡದು.

ಈ ರೋಗಕ್ಕೆ ಹೆಸರು ಬಂದ ಟಕಯಾಸು ಕಣ್ಣಿನ ಡಾಕ್ಟರು. 1908ರಲ್ಲಿ ಡಾಕ್ಟರುಗಳ ಸಭೆಯೊಂದರಲ್ಲಿ 21ರ ಹುಡುಗಿಯ ಕಣ್ಣಿನೊಳಗೆ ನಾಳಗಳು ವಿಚಿತ್ರವಾಗಿ ಸುತ್ತಿಕೊಂಡಿದ್ದನ್ನು ಹೇಳಿದರು. ಅದೇ ಸಭೆಯಲ್ಲಿ ಎದ್ದು, ತಮ್ಮ ಇಂಥದೇ ರೋಗಿಗೆ ಕೈನಾಡಿಯೇ ಸಿಗಲಿಲ್ಲ ಎಂದವರು ಬೇರೆ ಡಾಕ್ಟರು. ನಾಡಿ ಹಿಡಿಯುವುದು ಇವತ್ತಿಗೂ ಅಷ್ಟೇ ಮುಖ್ಯ. ನಾನೇ ಹಿಂದೊಮ್ಮೆ ಆಳಂದ ಕಡೆಯ ಹುಡುಗಿಗೆ ಒಂದೇ ಕೈಯಲ್ಲಿ ಬಿಪಿ ನೋಡಿ, ‘ರಕ್ತ ಕಡಿಮೆ, ಸುಮ್ನೆ ಸುಸ್ತು’ ಎಂದು ಕಳಿಸಿದ್ದೆ. ಆರು ತಿಂಗಳ ಮೇಲೆ ಇನ್ನೊಂದು ಕೈ ನೋಡಿದಾಗ ನನಗೇ ನಾಚಿಕೆಯಾಯಿತು.

ಮದುವೆಯಾಗಿದ್ದು ಮಗು ಬೇಕೆಂದಿದ್ದರೆ ಇಂಥ ರೋಗ ನೋಡುವ ನಿಮ್ಮ ರುಮಟಾಲಜಿ ಡಾಕ್ಟರಿಗೆ ಮೊದಲೇ ಹೇಳಿ. ಸ್ಟೀರಾಯ್ಡ್ ಜೊತೆ ಕೊಡುವ ಮೆಥೋಟ್ರೆಕ್ಸೇಟ್ ಗರ್ಭಕ್ಕೆ ಆಗದು.

ಇನ್ನೊಂದು ಮಾತು. ನಿಮ್ಮೂರಲ್ಲಿ ಸಿಸ್ಟರ್ ಬಿಪಿ ನೋಡಲು ಬಂದರೆ ಬಲಗೈ ಕೊಡಿ. ನಾಳ ಕಿರಿದಾದ ಎಡಗೈ ಕೊಟ್ಟರೆ 110 ಬರುತ್ತದೆ, ‘ನಾರ್ಮಲ್’ ಎಂದು ಬರೆದು ಹೋಗುತ್ತಾರೆ.