ಓದುಗರ ಪ್ರಶ್ನೆ: ನೌನ್ ಕ್ಲಾಜನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಇಂಗ್ಲಿಷ್ ವಾಕ್ಯದಲ್ಲಿ ಗೆರೆ ಎಳೆದಿರುವ ಉಪವಾಕ್ಯವು ನೌನ್ ಕ್ಲಾಜೋ, ಅಡ್ಜೆಕ್ಟಿವ್ ಕ್ಲಾಜೋ, ಅಡ್ವರ್ಬ್ ಕ್ಲಾಜೋ ಎಂದು ಅವಳು ಗುರುತಿಸಬೇಕು. ‘ದಟ್’, ‘ವಾಟ್’, ‘ವೆದರ್’, ‘ಹೌ’ ಎಂಬ ಪದಗಳಿಂದ ಶುರುವಾದರೆ ಅದು ನೌನ್ ಕ್ಲಾಜ್ ಎಂದು ಬಾಯಿಪಾಠ ಮಾಡಿಕೊಂಡಿದ್ದಾಳೆ. ಆದರೂ ಐದರಲ್ಲಿ ಮೂರು ತಪ್ಪಾಗುತ್ತವೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವಳಿಗೆ ಹೇಗೆ ಹೇಳಿಕೊಡಲಿ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗಳು ತಪ್ಪು ಮಾಡುತ್ತಿರುವುದು ಬುದ್ಧಿ ಸಾಲದೆ ಅಲ್ಲ, ಕಲಿತ ಸೂತ್ರವೇ ಅರ್ಧ ಆಗಿರುವುದರಿಂದ. ಉಪವಾಕ್ಯದ ಮೊದಲ ಪದ ಅದರ ಜಾತಿಯನ್ನು ಹೇಳುವುದಿಲ್ಲ. ಆ ಉಪವಾಕ್ಯ ಇಡೀ ವಾಕ್ಯದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದು ಹೇಳುತ್ತದೆ. ನಾಮಪದದ ಕೆಲಸ ಮಾಡಿದರೆ, ಅಂದರೆ ಕರ್ತೃವಿನ ಜಾಗದಲ್ಲೋ ಕರ್ಮದ ಜಾಗದಲ್ಲೋ ಕುಳಿತಿದ್ದರೆ, ಅದು ನೌನ್ ಕ್ಲಾಜ್. ನಾಮಪದವೊಂದನ್ನು ವಿಶೇಷಿಸಿದರೆ ಅಡ್ಜೆಕ್ಟಿವ್ ಕ್ಲಾಜ್. ಕೆಲಸ ಯಾವಾಗ, ಏಕೆ, ಹೇಗೆ ನಡೆಯಿತು ಎಂಬಂಥದ್ದನ್ನು ಹೇಳಿದರೆ ಅಡ್ವರ್ಬ್ ಕ್ಲಾಜ್. ನೀವು ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಲ್ಲಿ ಕೊರತೆಯಲ್ಲ, ಅನುಕೂಲ. ಇಂಗ್ಲಿಷ್ ಒಂದೇ ರೂಪದಲ್ಲಿ ಬಚ್ಚಿಡುವ ಮೂರು ಕೆಲಸಗಳನ್ನು ಕನ್ನಡ ಮೂರು ಬೇರೆ ರೂಪಗಳಲ್ಲಿ ಎದುರಿಗಿಡುತ್ತದೆ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಮೂರು ವಾಕ್ಯಗಳನ್ನು ಒಂದರ ಕೆಳಗೊಂದು ಬರೆಸಿ: ‘ಐ ನೋ ವೆನ್ ಹಿ ಕೇಮ್’, ‘ಐ ವಾಸ್ ಸ್ಲೀಪಿಂಗ್ ವೆನ್ ಹಿ ಕೇಮ್’, ‘ಐ ರಿಮೆಂಬರ್ ದ ಡೇ ವೆನ್ ಹಿ ಕೇಮ್’. ಮೂರರಲ್ಲೂ ‘ವೆನ್ ಹಿ ಕೇಮ್’ ಎಂಬ ಅದೇ ಮೂರು ಪದಗಳಿವೆ, ಒಂದಕ್ಷರವೂ ವ್ಯತ್ಯಾಸವಿಲ್ಲ. ಈಗ ಇವನ್ನೇ ಕನ್ನಡದಲ್ಲಿ ಹೇಳಿಸಿ. ‘ಅವನು ಯಾವಾಗ ಬಂದನೆಂಬುದು ನನಗೆ ಗೊತ್ತು’, ‘ಅವನು ಬಂದಾಗ ನಾನು ಮಲಗಿದ್ದೆ’, ‘ಅವನು ಬಂದ ದಿನ ನನಗೆ ನೆನಪಿದೆ’. ‘ಬಂದನೆಂಬುದು’, ‘ಬಂದಾಗ’, ‘ಬಂದ’ – ಮೂರೂ ಬೇರೆ ಬೇರೆ. ‘ಎಂಬುದು’ ಬಂದಿರುವ ಮೊದಲನೆಯದು ನೌನ್ ಕ್ಲಾಜ್. ಕಾಲವನ್ನು ಸೂಚಿಸುವ ‘ಬಂದಾಗ’ ಅಡ್ವರ್ಬ್ ಕ್ಲಾಜ್. ‘ದಿನ’ ಎಂಬ ನಾಮಪದಕ್ಕೆ ಮುಂದೆ ನಿಂತು ಅದನ್ನು ವಿಶೇಷಿಸುವ ‘ಬಂದ’ ಎಂಬ ಕೃದಂತ ಅಡ್ಜೆಕ್ಟಿವ್ ಕ್ಲಾಜ್. ‘ಇಫ್’ ಕೂಡ ಹೀಗೆಯೇ. ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’ ಎಂಬುದು ‘ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ’ ಎಂದಾಗುತ್ತದೆ, ಹಾಗಾಗಿ ನೌನ್ ಕ್ಲಾಜ್. ‘ಐ ವಿಲ್ ಗೋ ಇಫ್ ಹಿ ಕಮ್ಸ್’ ಎಂಬುದು ‘ಅವನು ಬಂದರೆ’ ಎಂದಾಗುತ್ತದೆ, ಹಾಗಾಗಿ ಅಡ್ವರ್ಬ್ ಕ್ಲಾಜ್.

ಇದರ ಜೊತೆಗೆ ಇಂಗ್ಲಿಷಿನಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಉಪವಾಕ್ಯವನ್ನು ಪೂರ್ತಿ ಎತ್ತಿ, ಆ ಜಾಗದಲ್ಲಿ ‘ಇಟ್’ ಎಂಬ ಒಂದೇ ಪದವನ್ನು ಇಟ್ಟು ನೋಡಬೇಕು. ‘ಐ ನೋ ಇಟ್’ ಎಂಬುದು ಸರಿಯಾದ ವಾಕ್ಯ, ಹಾಗಾಗಿ ಅಲ್ಲಿರುವುದು ನೌನ್ ಕ್ಲಾಜ್. ‘ಐ ವಾಸ್ ಸ್ಲೀಪಿಂಗ್ ಇಟ್’ ಎಂದು ಯಾರೂ ಹೇಳುವುದಿಲ್ಲ. ಹೆಚ್ಚಿನ ವಾಕ್ಯಗಳು ಈ ಪರೀಕ್ಷೆಯಲ್ಲೇ ಮುಗಿದುಹೋಗುತ್ತವೆ.

ಮುಗಿಯದಿರುವುದು ನಾಮಪದದ ಬೆನ್ನಿಗೇ ‘ದಟ್’ ಬಂದಾಗ. ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲಿಯೇ ಎಂದು ನನ್ನ ಅನುಭವ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ‘ದ ನ್ಯೂಸ್ ದಟ್ ಹಿ ಹ್ಯಾಡ್ ಪಾಸ್ಡ್ ಮೇಡ್ ಹಿಸ್ ಮದರ್ ಹ್ಯಾಪಿ’ ಮತ್ತು ‘ದ ನ್ಯೂಸ್ ದಟ್ ಹಿ ಬ್ರಾಟ್ ಮೇಡ್ ಹಿಸ್ ಮದರ್ ಹ್ಯಾಪಿ’ ಎಂಬ ಎರಡು ವಾಕ್ಯಗಳನ್ನು ತೆಗೆದುಕೊಳ್ಳಿ. ಮೊದಲನೆಯದು ‘ಅವನು ಪಾಸಾದನೆಂಬ ಸುದ್ದಿ’. ಸುದ್ದಿ ಏನು ಎಂದು ಕೇಳಿದರೆ ಅವನು ಪಾಸಾದದ್ದೇ ಸುದ್ದಿ. ಎರಡನೆಯದು ‘ಅವನು ತಂದ ಸುದ್ದಿ’. ಸುದ್ದಿ ಏನೆಂಬುದು ಇಲ್ಲಿ ಗೊತ್ತೇ ಆಗುವುದಿಲ್ಲ, ಯಾವ ಸುದ್ದಿ ಎಂಬುದಷ್ಟೇ ಗೊತ್ತಾಗುತ್ತದೆ. ಮೊದಲನೆಯದು ನೌನ್ ಕ್ಲಾಜ್, ಎರಡನೆಯದು ಅಡ್ಜೆಕ್ಟಿವ್ ಕ್ಲಾಜ್. ಮಾತಿನಲ್ಲಿ ‘ಅವನು ಪಾಸಾದ ಸುದ್ದಿ’ ಎಂದೂ ನಾವು ಹೇಳುವುದುಂಟು, ಆದ್ದರಿಂದ ‘ಎಂಬ’ ಕಾಣಿಸಲಿಲ್ಲವೆಂದು ತೀರ್ಮಾನಕ್ಕೆ ಬರಬಾರದು. ಸೇರಿಸಿದರೆ ಅರ್ಥ ಕೆಡದೆ ಉಳಿಯುತ್ತದೆಯೇ ಎಂದು ನೋಡಬೇಕು. ‘ಪಾಸಾದನೆಂಬ ಸುದ್ದಿ’ಯಲ್ಲಿ ಅರ್ಥ ಹಾಗೆಯೇ ಇದೆ. ‘ತಂದನೆಂಬ ಸುದ್ದಿ’ ಎಂದ ಕೂಡಲೇ ಅವನು ಏನನ್ನೋ ತಂದನಂತೆ ಎಂಬ ಬೇರೆಯೇ ಸುದ್ದಿಯಾಗಿಬಿಡುತ್ತದೆ. ಇಂಗ್ಲಿಷಿನಲ್ಲೂ ಒಂದು ಗುರುತಿದೆ: ಇಂಥ ವಾಕ್ಯಗಳಲ್ಲಿ ಅಡ್ಜೆಕ್ಟಿವ್ ಕ್ಲಾಜಿನ ‘ದಟ್’ ಬದಲಿಗೆ ‘ವಿಚ್’ ಹಾಕಬಹುದು, ನೌನ್ ಕ್ಲಾಜಿನಲ್ಲಿ ಹಾಕಲಾಗುವುದಿಲ್ಲ.

1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರಸಿದ್ಧ ವಾಕ್ಯ ಇದಕ್ಕೆ ಒಳ್ಳೆಯ ಉದಾಹರಣೆ. ‘ವಿ ಹೋಲ್ಡ್ ದೀಸ್ ಟ್ರೂತ್ಸ್ ಟು ಬಿ ಸೆಲ್ಫ್ ಎವಿಡೆಂಟ್’ ಎಂದು ಅದು ಶುರುವಾಗಿ, ಆ ಸತ್ಯಗಳು ಯಾವುವು ಎಂಬುದನ್ನು ‘ದಟ್ ಆಲ್ ಮೆನ್ ಆರ್ ಕ್ರಿಯೇಟೆಡ್ ಈಕ್ವಲ್’ ಎಂದು ಆರಂಭಿಸಿ ಸಾಲಾಗಿ ಹೇಳುತ್ತಾ ಹೋಗುತ್ತದೆ. ‘ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ ಎಂಬ ಸತ್ಯ’ ಎಂದು ಕನ್ನಡದಲ್ಲಿ ಹೇಳಿದೊಡನೆ, ‘ಟ್ರೂತ್ಸ್’ ಎಂಬ ಪದದಿಂದ ಅಷ್ಟು ದೂರದಲ್ಲಿದ್ದರೂ ಆ ‘ದಟ್’ ಯಾವುದನ್ನು ವಿವರಿಸುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

‘ಎಂಬುದು’ ಬಾರದೆಯೂ ನೌನ್ ಕ್ಲಾಜ್ ಆಗುವ ಸಂದರ್ಭ ಮುಖ್ಯವಾಗಿ ‘ವಾಟ್’ ಪದದ್ದು. ‘ವಾಟ್ ಹಿ ಸೆಡ್ ವಾಸ್ ಟ್ರೂ’ ಎಂದರೆ ‘ಅವನು ಹೇಳಿದ್ದು ನಿಜವಾಗಿತ್ತು’. ಇಲ್ಲಿ ‘ಹೇಳಿದ್ದು’ ಎಂಬುದೇ ನಾಮಪದದ ರೂಪ. ‘ಹೇಳಿದ್ದನ್ನು’ ಎಂದು ವಿಭಕ್ತಿ ಪ್ರತ್ಯಯವನ್ನೂ ಹಚ್ಚಬಹುದು. ಇನ್ನೊಂದು ಎಚ್ಚರಿಕೆ ಬೇಕು: ಬರೀ ‘ಎಂದು’ ಕಂಡರೆ ನೌನ್ ಕ್ಲಾಜ್ ಎಂದು ಬರೆಯಬಾರದು. ‘ಬಸ್ಸು ಸಿಗಲೆಂದು ಓಡಿದ’ ಎಂಬಲ್ಲಿಯೂ ‘ಎಂದು’ ಇದೆ, ಆದರೆ ಅದು ಓಡಿದ ಉದ್ದೇಶವನ್ನು ಹೇಳುತ್ತದೆ, ಇಂಗ್ಲಿಷಿನಲ್ಲಿ ‘ಸೋ ದಟ್’ ಬರುವ ಅಡ್ವರ್ಬ್ ಕ್ಲಾಜ್. ‘ಎಂದು’ ಬದಲು ‘ಎಂಬುದನ್ನು’ ಹಾಕಿ ನೋಡಿ. ‘ಅವನು ಬಂದನೆಂಬುದನ್ನು ಬಲ್ಲೆ’ ಎನ್ನಬಹುದು, ‘ಸಿಗಲೆಂಬುದನ್ನು ಓಡಿದ’ ಎನ್ನಲಾಗದು. ‘ಹಿ ವಾಸ್ ಸೋ ಟೈರ್ಡ್ ದಟ್ ಹಿ ಫೆಲ್ ಅಸ್ಲೀಪ್’ ಎಂಬ ವಾಕ್ಯದ ‘ದಟ್’ ಕೂಡ ‘ನಿದ್ದೆಹೋಗುವಷ್ಟು ದಣಿದಿದ್ದ’ ಎಂದಾಗುವುದರಿಂದ ನೌನ್ ಕ್ಲಾಜ್ ಅಲ್ಲ.

ಪ್ರಶ್ನೆ: ‘ಐ ಡು ನಾಟ್ ನೋ ವೇರ್ ಡಸ್ ಹಿ ಲಿವ್’ ಎಂದು ಬರೆದದ್ದಕ್ಕೆ ನನ್ನ ತಮ್ಮನಿಗೆ ಶಾಲೆಯಲ್ಲಿ ಅಂಕ ಕೊಡಲಿಲ್ಲ. ಪ್ರಶ್ನೆ ಕೇಳುವಾಗ ‘ವೇರ್ ಡಸ್ ಹಿ ಲಿವ್’ ಎಂದೇ ಅಲ್ಲವೇ ಹೇಳುವುದು? – ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ನೇರವಾಗಿ ಕೇಳುವಾಗ ಹಾಗೆಯೇ ಹೇಳಬೇಕು. ಆದರೆ ಪ್ರಶ್ನೆಯೊಂದು ಇನ್ನೊಂದು ವಾಕ್ಯದ ಒಳಗೆ ಹೋಗಿ ನೌನ್ ಕ್ಲಾಜ್ ಆದ ಕೂಡಲೇ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಆದ್ದರಿಂದ ಪದಗಳ ಕ್ರಮವೂ ಸಾಮಾನ್ಯ ಹೇಳಿಕೆಯ ಕ್ರಮಕ್ಕೆ ಬಂದುಬಿಡುತ್ತದೆ: ‘ಐ ಡು ನಾಟ್ ನೋ ವೇರ್ ಹಿ ಲಿವ್ಸ್’. ಕನ್ನಡದಲ್ಲಿ ‘ಅವನು ಎಲ್ಲಿ ವಾಸಿಸುತ್ತಾನೆ?’ ಎಂದು ಕೇಳಿದರೂ ‘ಅವನು ಎಲ್ಲಿ ವಾಸಿಸುತ್ತಾನೆಂಬುದು ಗೊತ್ತಿಲ್ಲ’ ಎಂದರೂ ಒಳಗಿನ ಪದಗಳ ಕ್ರಮ ಬದಲಾಗುವುದಿಲ್ಲ. ನಮ್ಮ ಮಕ್ಕಳು ಈ ತಪ್ಪು ಮಾಡುವುದಕ್ಕೆ ಇದೂ ಒಂದು ಕಾರಣವಿರಬಹುದು. 1961ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಜಾನ್ ಎಫ್. ಕೆನಡಿ ಅವರು ಆ ದಿನದ ಭಾಷಣದಲ್ಲಿ ‘ಆಸ್ಕ್ ನಾಟ್ ವಾಟ್ ಯುವರ್ ಕಂಟ್ರಿ ಕ್ಯಾನ್ ಡು ಫಾರ್ ಯೂ’ ಎಂದರು. ಆ ಮಾತಿನಲ್ಲಿ ‘ಯುವರ್ ಕಂಟ್ರಿ’ ಮೊದಲು, ‘ಕ್ಯಾನ್’ ಆಮೇಲೆ. ದೇಶ ನಿಮಗೇನು ಮಾಡಬಲ್ಲದೆಂದು ಕೇಳಬೇಡಿ ಎಂಬ ಈ ವಾಕ್ಯವನ್ನು ತಮ್ಮನಿಗೆ ಎರಡು ಸಲ ಜೋರಾಗಿ ಓದಿಸಿ, ಕ್ರಮ ಕಿವಿಗೆ ಹಿಡಿಯುತ್ತದೆ. ಇನ್ನೊಂದು ಮಾತು: ನೌನ್ ಕ್ಲಾಜ್ ವಾಕ್ಯದ ಮೊದಲಿಗೇ ಕರ್ತೃವಾಗಿ ಬಂದಾಗ, ಅಥವಾ ಪ್ರಿಪೊಸಿಷನ್ ಆದಮೇಲೆ ಬಂದಾಗ, ‘ಇಫ್’ ಬಳಸದೆ ‘ವೆದರ್’ ಬಳಸಬೇಕು.

ಪ್ರಶ್ನೆ: ‘ಐ ಆಮ್ ಶ್ಯೂರ್ ದಟ್ ಹಿ ವಿಲ್ ಕಮ್’ ಎಂಬ ವಾಕ್ಯದ ಉಪವಾಕ್ಯವನ್ನು ಒಂದು ಗೈಡ್ ನೌನ್ ಕ್ಲಾಜ್ ಎನ್ನುತ್ತದೆ, ಇನ್ನೊಂದು ಅಡ್ವರ್ಬ್ ಕ್ಲಾಜ್ ಎನ್ನುತ್ತದೆ. ಯಾವುದು ಸರಿ? – ಶಿಕ್ಷಕರೊಬ್ಬರು, ಕಲಬುರಗಿ

ಉತ್ತರ: ‘ಶ್ಯೂರ್’, ‘ಗ್ಲ್ಯಾಡ್’, ‘ಸಾರಿ’, ‘ಅಫ್ರೇಡ್’ ಮೊದಲಾದ ವಿಶೇಷಣಗಳ ನಂತರ ಬರುವ ‘ದಟ್’ ವಿಷಯದಲ್ಲಿ ಎರಡು ಮತಗಳು ನಿಜವಾಗಿಯೂ ಇವೆ. ವಿಶೇಷಣಕ್ಕೆ ಸೇರಿದ್ದೆಲ್ಲ ಅಡ್ವರ್ಬ್ ಎಂಬುದು ಒಂದು ನಿಲುವು. ನನಗೆ ನೌನ್ ಕ್ಲಾಜ್ ಎಂಬ ನಿಲುವೇ ಹೆಚ್ಚು ಸರಿಯೆನಿಸುತ್ತದೆ. ಉಪವಾಕ್ಯವನ್ನು ತೆಗೆದು ಅಲ್ಲಿ ‘ಇಟ್’ ಇಡಬೇಕಾದರೆ ‘ಐ ಆಮ್ ಶ್ಯೂರ್ ಆಫ್ ಇಟ್’ ಎನ್ನಬೇಕಾಗುತ್ತದೆ. ಅಂದರೆ ‘ಆಫ್’ ಎಂಬ ಪ್ರಿಪೊಸಿಷನ್ ‘ದಟ್’ ಎದುರು ಬಿದ್ದುಹೋಗಿದೆಯಷ್ಟೇ, ಅದರ ಬಳಿಯ ಜಾಗ ನಾಮಪದದ್ದೇ. ‘ಅವನು ಬರುತ್ತಾನೆಂಬುದು ನನಗೆ ಖಚಿತ’ ಎಂದು ಕನ್ನಡವೂ ಅದನ್ನೇ ಹೇಳುತ್ತದೆ. ತಾವು ಪಾಠ ಮಾಡುವಾಗ ಎರಡೂ ಮತಗಳನ್ನು ತಿಳಿಸಿ, ಪರೀಕ್ಷೆಯ ಮಟ್ಟಿಗೆ ತರಗತಿಯ ಪಠ್ಯಪುಸ್ತಕದ ಕ್ರಮವನ್ನೇ ಅನುಸರಿಸಲು ಹೇಳಿ. ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ತಮಗೆ ಬಂದಾಗ ಮಾತ್ರ ಇಂಥ ವಾಕ್ಯವನ್ನು ಮಕ್ಕಳ ಮುಂದೆ ಇಡಬೇಡಿ. ಸರಿಯಾಗಿ ಯೋಚಿಸಿ ಬರೆದ ಮಗುವಿನ ಒಂದು ಅಂಕ ಅನ್ಯಾಯವಾಗಿ ಹೋಗುತ್ತದೆ.