ಮಣ್ಣಿನಲ್ಲಿ ಮದಾಂ ದು ಬಾರಿ

ಪ್ರಶ್ನೆ: ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದು ಬಾರಿಯ ಟೆರಾಕೋಟಾ ಪ್ರತಿಮೆಯ ಚಿತ್ರ ನೋಡಿದೆ. ಅಷ್ಟು ಸಿರಿವಂತೆಗೆ ಮಣ್ಣಿನ ಮೂರ್ತಿ ಏಕೆ? ಅದು ಅಮೃತಶಿಲೆಯ ಕೆಲಸಕ್ಕೆ ಮಾಡಿಕೊಂಡ ಕರಡೇ? ನಮ್ಮ ಶಾಲೆಯ ಮಕ್ಕಳು ಮಾಡುವ ಮಣ್ಣಿನ ತಲೆಗಳು ಸುಡುವಾಗ ಒಡೆಯುತ್ತವೆ. ಅದಕ್ಕೂ ದಾರಿ ತಿಳಿಸಿ.
– ಚಿತ್ರಕಲಾ ಶಿಕ್ಷಕಿ, ಮದ್ದೂರು

ಉತ್ತರ: ಮಣ್ಣೆಂದರೆ ಕೀಳು ಎಂಬ ಎಣಿಕೆ ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ನಡೆಯುತ್ತಿರಲಿಲ್ಲ. ಸುಟ್ಟ ಮಣ್ಣಿನ ಪ್ರತಿಮೆಗಳನ್ನು ರಸಿಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದರು. ದು ಬಾರಿಯನ್ನು ಮತ್ತೆ ಮತ್ತೆ ರೂಪಿಸಿದವನು ಶಿಲ್ಪಿ ಓಗುಸ್ತಾಂ ಪಾಜೂ (1730–1809). ಅವನು 1773ರಲ್ಲಿ ಮಾಡಿದ ಆಕೆಯ ಅಮೃತಶಿಲೆಯ ಪ್ರತಿಮೆ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಸೆವ್ರ್ ಕಾರ್ಖಾನೆ ಆ ಮುಖವನ್ನು ಮೆರುಗಿಲ್ಲದ ಬಿಳಿ ಪಿಂಗಾಣಿಯಲ್ಲೂ ತೆಗೆಯಿತು.

ಶಿಲ್ಪಿಗಳು ಮೊದಲು ಮಣ್ಣಿನಲ್ಲಿ ಮಾಡಿ ಆಮೇಲೆ ಕಲ್ಲಿಗೆ ಇಳಿಸುತ್ತಿದ್ದುದು ನಿಜ. ಹಾಗೆಂದು ಮಣ್ಣಿನದನ್ನು ಕರಡು ಎನ್ನಲು ನನಗೆ ಮನಸ್ಸು ಬಾರದು. ಕಲ್ಲಿನ ಮೇಲೆ ಸಹಾಯಕರ ಉಳಿಯೂ ಓಡಿರುತ್ತದೆ, ಉಜ್ಜಿ ನಯ ಮಾಡುವಾಗ ಕೈಗುರುತು ಅಳಿಯುತ್ತದೆ. ಹಸಿ ಮಣ್ಣು ಹಾಗಲ್ಲ. ಒಳ್ಳೆಯ ಟೆರಾಕೋಟಾವನ್ನು ಪಕ್ಕದ ಬೆಳಕಿನಲ್ಲಿಟ್ಟು ನೋಡಿ: ತುಟಿಯ ಕೊನೆಯಲ್ಲಿ ಹೆಬ್ಬೆರಳು ಒತ್ತಿದ ತಗ್ಗು, ಕೂದಲ ಸುರುಳಿಯಲ್ಲಿ ಹಲ್ಲುಗಳಿರುವ ಕಡ್ಡಿ ಎಳೆದ ಗೀರು ಕಾಣುತ್ತವೆ. ಮೈಸೂರಿನಲ್ಲಿ ಮಣ್ಣಿನ ಕೆಲಸ ಕಲಿಸುವ ನಾನು ಮಕ್ಕಳಿಗೆ ಮೊದಲು ತೋರಿಸುವುದೇ ಅದನ್ನು.

ದು ಬಾರಿಯ ಕತೆಯನ್ನೂ ಮಕ್ಕಳಿಗೆ ಹೇಳಿ. ಬಡ ಮನೆಯಲ್ಲಿ ಹುಟ್ಟಿ 1769ರಲ್ಲಿ ಆಸ್ಥಾನ ಸೇರಿದವಳು. 1774ರಲ್ಲಿ ದೊರೆ ಸಿಡುಬಿನಿಂದ ಸತ್ತ. 1793ರ ಡಿಸೆಂಬರ್ 8ರಂದು ಕ್ರಾಂತಿಕಾರಿಗಳು ಅವಳ ತಲೆ ಕಡಿಸಿದರು. ವಿಚಾರಣೆಯಲ್ಲಿ ಅವಳ ವಿರುದ್ಧ ಸಾಕ್ಷಿ ನುಡಿದವರಲ್ಲಿ ಒಬ್ಬ ಝಮೋರ್. ಬಂಗಾಳದಿಂದ ಎಳೆಯ ವಯಸ್ಸಿನಲ್ಲೇ ಗುಲಾಮನಾಗಿ ಸಾಗಿಸಲ್ಪಟ್ಟು ಅವಳ ಮನೆಯಲ್ಲಿ ಊಳಿಗಕ್ಕೆ ನಿಂತವನು. ಆ ಚೆಲುವಾದ ಮುಖದ ಮಾತು ಬಂದಾಗಲೆಲ್ಲ ಈ ಹುಡುಗನ ಹೆಸರೂ ಬರಲೇಬೇಕು ಎನ್ನುವವನು ನಾನು.

ಇನ್ನು ಒಡೆಯುವ ವಿಚಾರ. ದಪ್ಪ ಮಣ್ಣಿನೊಳಗೆ ಉಳಿದ ನೀರು ಬೆಂಕಿಯಲ್ಲಿ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಸಿಡಿಯುತ್ತದೆ. ತಲೆ ಅರೆ ಒಣಗಿದಾಗ ತಂತಿಯಿಂದ ನೆತ್ತಿಯನ್ನು ಕೊಯ್ದು ತೆಗೆಯಿರಿ. ಗೋಡೆ ಎಲ್ಲ ಕಡೆ ಒಂದು ಬೆರಳಿನಷ್ಟು ದಪ್ಪ ಉಳಿಯುವಂತೆ ಒಳಗಿನದನ್ನು ಕೆರೆಯಿರಿ. ಅಂಚುಗಳಿಗೆ ಗೀರು ಹಾಕಿ, ಅದೇ ಮಣ್ಣಿನ ಗಟ್ಟಿ ಕೆಸರು ಹಚ್ಚಿ ನೆತ್ತಿಯನ್ನು ಮತ್ತೆ ಕೂರಿಸಿ. ಕೆಳಗಡೆ ತೂತು ಇರಲಿ. ನೆರಳಲ್ಲಿ ನಿಧಾನವಾಗಿ ಒಣಗಿಸಿ. ಮುಟ್ಟಿದಾಗ ತಣ್ಣಗೆನಿಸಿದರೆ ಇನ್ನೂ ಹಸಿಯಿದೆ ಎಂದು ತಿಳಿಯಿರಿ. ಆವಿಗೆಗೆ ಇಟ್ಟ ಮೇಲೂ ಮೊದಲ ಕೆಲವು ಗಂಟೆ ಸಣ್ಣ ಉರಿಯೇ ಸಾಕು.