ಡಿಸ್ಕ್ ಬ್ರೇಕ್ ಉಜ್ಜುತ್ತಿದ್ದರೆ ಆಯಿಲ್ ಬದಲಿಸಬೇಕೇ?

ಪ್ರಶ್ನೆ: ನನ್ನ ಸೈಕಲ್ಲಿಗೆ ಹೈಡ್ರಾಲಿಕ್ (ಆಯಿಲ್‌ನ ಒತ್ತಡದಿಂದ ಕೆಲಸ ಮಾಡುವ) ಡಿಸ್ಕ್ ಬ್ರೇಕ್ ಇದೆ. ಮುಂದಿನ ಚಕ್ರವನ್ನು ಬಿಚ್ಚಿ ಕಾರಿನಲ್ಲಿ ಊರಿಗೆ ಒಯ್ದಿದ್ದೆ. ಚಕ್ರವನ್ನು ಮರಳಿ ಕೂರಿಸಿದಾಗಿನಿಂದ, ಬ್ರೇಕ್ ಹಿಡಿಯದಿದ್ದರೂ ಒಂದೇ ಸಮನೆ ಉಜ್ಜುವ ಸದ್ದು ಬರುತ್ತಿದೆ. ಆಯಿಲ್ ಬದಲಿಸಬೇಕೆಂದು ಅಂಗಡಿಯವರು ಹೇಳುತ್ತಾರೆ. ಮನೆಯಲ್ಲೇ ಸರಿಪಡಿಸಲು ಸಾಧ್ಯವೇ?
— ಓದುಗರು, ಮೈಸೂರು

ಉತ್ತರ: ಖಂಡಿತ ಸಾಧ್ಯ. ಆಯಿಲ್‌ನ ಮಾತು ಕೊನೆಗಿರಲಿ. ಚಕ್ರದ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಸದ್ದು ಬರುತ್ತಿದ್ದರೆ ರೋಟರ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ) ಬಾಗಿದೆ ಎನ್ನಬಹುದಿತ್ತು. ನಿಮ್ಮದು ಎಡೆಬಿಡದ ಸದ್ದಾದ್ದರಿಂದ ದೋಷ ಚಕ್ರ ಕೂತಿರುವ ರೀತಿಯಲ್ಲೋ ಕ್ಯಾಲಿಪರ್‌ನಲ್ಲೋ ಇರುವ ಸಂಭವವೇ ಹೆಚ್ಚು. ಕ್ಯಾಲಿಪರ್ ಎಂದರೆ ರೋಟರನ್ನು ಎರಡೂ ಬದಿಯಿಂದ ಹಿಡಿಯುವ ಭಾಗ; ಅದರೊಳಗಿನ ಪಿಸ್ಟನ್‌ಗಳು ಪ್ಯಾಡ್‌ಗಳನ್ನು ರೋಟರ್‌ಗೆ ಒತ್ತುತ್ತವೆ.

ಮೊದಲು ಸೈಕಲ್ಲನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಆಕ್ಸಲ್ (ಚಕ್ರದ ನಡುವಿನ ಅಚ್ಚು) ಸಡಿಲಿಸಿ, ಸೈಕಲ್ಲಿನ ಭಾರಕ್ಕೆ ಅದು ತನ್ನ ಜಾಗದಲ್ಲಿ ಪೂರ್ತಿ ಕೂತ ಮೇಲೆ ಬಿಗಿ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸದ್ದು ನಿಲ್ಲುತ್ತದೆ. ನಿಲ್ಲದಿದ್ದರೆ ಕ್ಯಾಲಿಪರ್‌ನ ಹಿಂದೆ ಬಿಳಿ ಕಾಗದ ಹಿಡಿದು ಇಣುಕಿ ನೋಡಿ. ರೋಟರ್‌ನ ಎರಡೂ ಬದಿಯಲ್ಲಿ ಕಾಗದದ ಬಿಳುಪು ಕೂದಲೆಳೆಯಷ್ಟು ಕಾಣಬೇಕು.

ಎರಡೂ ಬದಿಯಲ್ಲಿ ಸಂದು ಕಾಣದಿದ್ದರೆ, ಚಕ್ರ ಹೊರಗಿದ್ದಾಗ ಯಾರೋ ಬ್ರೇಕ್ ಲಿವರ್ ಒತ್ತಿರಬೇಕು. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆಳೆಯುವುದು ಅದರ ಸುತ್ತಲಿನ ರಬ್ಬರ್ ಸೀಲ್. ಅದು ಬಾಗುವಷ್ಟು ದೂರ ಮಾತ್ರ ಎಳೆಯಬಲ್ಲದು. ನಡುವೆ ರೋಟರ್ ಇಲ್ಲದಾಗ ಪಿಸ್ಟನ್ ಆ ಮಿತಿಯನ್ನು ಮೀರಿ ಜಾರಿ ಬಂದು ಮುಂದೆಯೇ ನಿಂತುಬಿಡುತ್ತದೆ. ಚಕ್ರವನ್ನೂ ಪ್ಯಾಡ್‌ಗಳನ್ನೂ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿಸ್ಟನ್‌ಗಳ ಅಂಚಿನ ಕೊಳೆ ಒರೆಸಿ, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್‌ನಿಂದ ಅವನ್ನು ನೇರವಾಗಿ, ನಿಧಾನವಾಗಿ ಒಳಕ್ಕೆ ತಳ್ಳಿ. ದಯವಿಟ್ಟು ಸ್ಕ್ರೂಡ್ರೈವರ್ ಬಳಸಬೇಡಿ; ಸೆರಾಮಿಕ್ ಪಿಸ್ಟನ್ನಾದರೆ ಅಂಚು ಒಡೆಯುತ್ತದೆ.

ಒಂದೇ ಬದಿ ತಾಗುತ್ತಿದ್ದರೆ ಕ್ಯಾಲಿಪರ್ ಓರೆಯಾಗಿದೆ. ಅದರ ಎರಡು ಬೋಲ್ಟ್‌ಗಳನ್ನು ಕ್ಯಾಲಿಪರ್ ಅಲುಗಾಡುವಷ್ಟು ಮಾತ್ರ ಸಡಿಲಿಸಿ, ಲಿವರನ್ನು ಗಟ್ಟಿಯಾಗಿ ಒತ್ತಿಹಿಡಿದು, ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಕ್ಯಾಲಿಪರ್ ಮತ್ತೆ ಹೊರಳುತ್ತದೆ. ಶಿಮಾನೊ ಕಂಪನಿ ಈ ಬೋಲ್ಟ್‌ಗಳಿಗೆ ಹೇಳುವ ಬಿಗಿತ 6ರಿಂದ 8 ನ್ಯೂಟನ್ ಮೀಟರ್. ತಿರುಗುವ ರೋಟರ್ ಬೆರಳನ್ನೇ ಕತ್ತರಿಸೀತು, ಕೈ ದೂರವಿರಲಿ. ನಿಮ್ಮ ಚಾಮುಂಡಿ ಬೆಟ್ಟವನ್ನು ಇಳಿದ ಕೂಡಲೇ ರೋಟರನ್ನು ಮುಟ್ಟಲೂಬೇಡಿ, ಚರ್ಮ ಸುಡುತ್ತದೆ.

ಪ್ಯಾಡ್ ಸವೆದಿದ್ದಾಗ ಯಾರಾದರೂ ಆಯಿಲ್ ತುಂಬಿಸಿದ್ದರೆ, ಪಿಸ್ಟನ್ ಹಿಂದೆ ಸರಿಯಲು ಜಾಗವಿಲ್ಲದೆ ಒಳಗೆ ಹೋಗುವುದಿಲ್ಲ. ಆಗ ಮಾತ್ರ ಅಂಗಡಿಯವರ ಮಾತು ಕೇಳಿ, ಆದರೆ ಯಾವ ಆಯಿಲ್ ಹಾಕುತ್ತಾರೆಂದು ವಿಚಾರಿಸಿ. ಶಿಮಾನೊ ಬ್ರೇಕ್‌ಗಳಿಗೆ ಮಿನರಲ್ ಆಯಿಲ್ ಬೇಕು. ಅದರಲ್ಲಿ ಮೋಟಾರ್ ಬೈಕಿನ ಡಾಟ್ ಬ್ರೇಕ್ ಆಯಿಲ್ ಸುರಿದರೆ ಸೀಲ್‌ಗಳು ಹಾಳಾಗುತ್ತವೆ.

ಪಿಸ್ಟನ್ ತಳ್ಳಿ, ಪ್ಯಾಡ್ ಮತ್ತು ಚಕ್ರ ಕೂರಿಸಿದ ಮೇಲೆ ಲಿವರ್ ಮೊದಲಿಗೆ ಹ್ಯಾಂಡಲ್‌ವರೆಗೂ ಹೋಗುತ್ತದೆ. ಅದು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಅಂಗಳದಲ್ಲೇ ಬ್ರೇಕ್ ಹಿಡಿದು ನೋಡದೆ ರಸ್ತೆಗೆ ಇಳಿಯಬೇಡಿ. ಮುಂದೆ ಚಕ್ರ ಬಿಚ್ಚಿದಾಗಲೆಲ್ಲ ಪ್ಯಾಡ್‌ಗಳ ನಡುವೆ ಮಡಿಸಿದ, ಎಣ್ಣೆ ತಾಗದ ರಟ್ಟಿನ ತುಂಡೊಂದನ್ನು ಸಿಕ್ಕಿಸಿಡಿ.